ನೀವು ಅತ್ತ ಪುಟಕ್ಕೇ ಮತ್ತೆ ಹೋಗಿ

ಓದುಗರೊಬ್ಬರ ಪತ್ರ: “ಮೊದಲ ಮಹಾಯುದ್ಧದ ಬಗ್ಗೆ ಜರ್ಮನಿಯ ಎರಿಕ್ ಮರಿಯಾ ರೆಮಾರ್ಕ್ ಬರೆದ ‘ಆಲ್ ಕ್ವೈಟ್ ಆನ್ ದ ವೆಸ್ಟರ್ನ್ ಫ್ರಂಟ್’ ಕಾದಂಬರಿಯನ್ನು ಇಂಗ್ಲಿಷಿನಲ್ಲಿ ಓದಿದೆ. ಕಥೆ ಹೇಳುವ ಸೈನಿಕ ಪೌಲ್‌ನ ಗೆಳೆಯ ಕಾಟ್ ಸಾಯುವಲ್ಲಿ ಅತ್ತುಬಿಟ್ಟೆ. ಆಮೇಲೆ ಓದಿದ ಒಂದು ವಿಮರ್ಶೆಯ ಪ್ರಕಾರ ಲೇಖಕ ರಣರಂಗದಲ್ಲಿದ್ದದ್ದು ಕೆಲವೇ ವಾರ. ಹಾಗಾದರೆ ನಾನು ಅತ್ತದ್ದು ದಡ್ಡತನವೇ? ಪುಸ್ತಕವನ್ನು ಕಪಾಟಿನ ಹಿಂದಕ್ಕೆ ತಳ್ಳಿದ್ದೇನೆ.”

ಮೊದಲು ಆ ವಿಮರ್ಶಕರಿಗೆ ಸಲ್ಲಬೇಕಾದದ್ದನ್ನು ಸಲ್ಲಿಸೋಣ. ಅವರ ಮಾಹಿತಿ ಸರಿಯಾಗಿದೆ. ರೆಮಾರ್ಕ್ 1917ರ ಜೂನ್‌ನಲ್ಲಿ ಪಶ್ಚಿಮ ರಣರಂಗಕ್ಕೆ ಹೋದರು. ಜುಲೈ 31ರಂದು ಷೆಲ್ ಚೂರುಗಳು ತಗುಲಿ ಗಾಯಗೊಂಡು ಆಸ್ಪತ್ರೆ ಸೇರಿದರು. ಮತ್ತೆ ಕಂದಕಕ್ಕೆ ಮರಳಲಿಲ್ಲ. 1929ರ ಜನವರಿಯಲ್ಲಿ ಪುಸ್ತಕ ಬಂದಾಗ ಪ್ರಕಾಶಕರು, ಇದು ಬರವಣಿಗೆ ಗೊತ್ತಿಲ್ಲದ ಸಾಮಾನ್ಯ ಸೈನಿಕನೊಬ್ಬ ಎದೆಯ ಭಾರ ಇಳಿಸಿಕೊಂಡ ದಾಖಲೆ ಎಂಬಂತೆ ಪ್ರಚಾರ ಮಾಡಿದ್ದೂ ನಿಜ. 1920ರಲ್ಲೇ ಒಂದು ಕಾದಂಬರಿ ಪ್ರಕಟಿಸಿ, ಪತ್ರಿಕೆಯೊಂದರಲ್ಲಿ ಸಂಪಾದಕರಾಗಿದ್ದವರನ್ನು ಹಾಗೆ ತೋರಿಸಬಾರದಿತ್ತು. ಫ್ರಾನ್ಸಿನಲ್ಲಿ ಅದೇ 1929ರಲ್ಲಿ ಜಾನ್ ನಾರ್ಟನ್ ಕ್ರೂ ಎಂಬ ಮಾಜಿ ಸೈನಿಕರು ಸುಮಾರು 300 ಫ್ರೆಂಚ್ ಯುದ್ಧಪುಸ್ತಕಗಳನ್ನು ಹೀಗೇ ಒರೆಗೆ ಹಚ್ಚಿದರು. ಲೇಖಕ ಯಾವ ತುಕಡಿಯಲ್ಲಿದ್ದ, ಎಷ್ಟು ಕಾಲ ಮುಂಚೂಣಿಯಲ್ಲಿದ್ದ, ಬಯೊನೆಟ್ ಕಾಳಗವನ್ನು ನಿಜಕ್ಕೂ ಕಂಡಿದ್ದನೇ ಎಂದು ಪಟ್ಟುಹಿಡಿದು ಕೇಳಿದರು. ಸಾಕ್ಷ್ಯವನ್ನು ತೂಗಲು ಅದು ಒಳ್ಳೆಯ ತಕ್ಕಡಿ.

ಆದರೆ ನೀವು ಓದಿದ್ದು ಕಾದಂಬರಿ. ಅಮೆರಿಕದ ಅಂತರ್ಯುದ್ಧ ಮುಗಿದು ಆರು ವರ್ಷವಾದ ಮೇಲೆ ಹುಟ್ಟಿದ ಸ್ಟೀಫನ್ ಕ್ರೇನ್, ಒಂದು ಕದನವನ್ನೂ ಕಾಣದೆ ಆ ಯುದ್ಧದ ಮೇಲೆ ‘ದ ರೆಡ್ ಬ್ಯಾಡ್ಜ್ ಆಫ್ ಕರೇಜ್’ ಬರೆದರು. ರಣರಂಗದ ವಾರಗಳನ್ನೇ ಎಣಿಸುವುದಾದರೆ ಅವರ ಪಾಲಿಗೆ ಸೊನ್ನೆ. ನಾಲ್ಕು ವರ್ಷ ಕಂದಕದಲ್ಲಿ ಕೊಳೆತವರೆಲ್ಲರೂ ಒಳ್ಳೆಯ ಒಂದು ಪುಟ ಬರೆದರು ಎಂದೂ ಇಲ್ಲ.

ಆದ್ದರಿಂದ ಲೇಖಕರ ದಿನಚರಿ ಬಿಟ್ಟು ಪುಟಕ್ಕೆ ಬನ್ನಿ. ಕಾದಂಬರಿ ಶುರುವಾಗುವುದು ಹೊಟ್ಟೆ ತುಂಬ ಊಟದಿಂದ. ಅಡುಗೆಯವನು 150 ಜನಕ್ಕೆ ಬೇಯಿಸಿಟ್ಟಿದ್ದಾನೆ, ಮುಂಚೂಣಿಯಿಂದ ಮರಳಿದವರು 80. ಸೈನಿಕರ ಕಣ್ಣು ಹಂಡೆಯ ಮೇಲೆ, ಅಡುಗೆಯವನ ತಕರಾರು ಲೆಕ್ಕದ ಮೇಲೆ. ಸತ್ತ, ಗಾಯಗೊಂಡ 70 ಜನರ ಸುದ್ದಿ ನಮಗೆ ತಲುಪುವುದು ಉಳಿದುಹೋದ ಊಟವಾಗಿ. ಆಮೇಲೆ ಆ ಬೂಟು ನೋಡಿ: ಮೃದು ಹಳದಿ ಚರ್ಮದ್ದು, ಮೊಣಕಾಲುದ್ದ. ಕಾಲು ಕತ್ತರಿಸಿಕೊಂಡ ಕೆಮರಿಖ್‌ನಿಂದ ಅದು ಮ್ಯೂಲರ್‌ಗೆ, ಮ್ಯೂಲರ್ ಸತ್ತ ಮೇಲೆ ಪೌಲ್‌ಗೆ; ಪೌಲ್ ಅದನ್ನು ಮುಂಚೆಯೇ ಟ್ಯಾಡನ್‌ಗೆ ಮಾತು ಕೊಟ್ಟಿದ್ದಾನೆ. ಸಾವು ಕಾದಂಬರಿಯೊಳಗೆ ಹೇಗೆ ನಡೆದುಹೋಗುತ್ತದೆ ಎಂಬುದಕ್ಕೆ ಆ ಬೂಟಿನ ಜಾಡು ಹಿಡಿದರೆ ಸಾಕು.

ಒಂದು ಎಚ್ಚರಿಕೆ. ಇಂಗ್ಲಿಷಿನಲ್ಲಿ ಓದಿದ್ದರಿಂದ ನಿಮಗೊಂದು ನಷ್ಟವಾಗಿದೆ. ಜರ್ಮನ್ ಶೀರ್ಷಿಕೆಯ ನೇರ ಅರ್ಥ ‘ಪಶ್ಚಿಮದಲ್ಲಿ ಹೊಸದೇನೂ ಇಲ್ಲ’. ಕೊನೆಯಲ್ಲಿ ಪೌಲ್ ಸತ್ತ ದಿನದ ಸೇನಾ ವರದಿಯಲ್ಲಿರುವುದೂ ಇದೇ ಮಾತು. ಎ. ಡಬ್ಲ್ಯೂ. ವೀನ್ 1929ರಲ್ಲಿ ಮಾಡಿದ ಅನುವಾದ ಅದನ್ನು ‘ಎಲ್ಲ ಶಾಂತ’ ಎಂದು ತಿರುಗಿಸಿತು. ಕಿವಿಗೆ ಇಂಪೇ, ಆದರೆ ಒಬ್ಬ ಮನುಷ್ಯ ಸತ್ತದ್ದು ಸುದ್ದಿಯೇ ಅಲ್ಲ ಎಂಬ ಚುಚ್ಚು ಮೊಂಡಾಯಿತು. ಹಾಗಿದ್ದರೂ ಒಂದು ಸಂಗತಿ ಅನುವಾದದಲ್ಲೂ ಉಳಿದಿದೆ. ಅಲ್ಲಿಯವರೆಗೆ ‘ನಾನು’, ‘ನಾವು’ ಎಂದು ಬಹುಮಟ್ಟಿಗೆ ವರ್ತಮಾನ ಕಾಲದಲ್ಲಿ ಸಾಗಿದ ಕಥನ, ಕಡೆಯ ಎರಡು ಪುಟ್ಟ ಪ್ಯಾರಾಗಳಲ್ಲಿ ‘ಅವನು’ ಆಗಿ ಭೂತಕಾಲಕ್ಕೆ ಜಾರುತ್ತದೆ. ಹೇಳುತ್ತಿದ್ದ ದನಿಯೇ ಇಲ್ಲವಾದ್ದರಿಂದ ಬೇರೆ ಯಾರೋ ಹೇಳಬೇಕಾಗಿದೆ. ಎಷ್ಟು ವಾರ ಕಂದಕದಲ್ಲಿ ಕಳೆದರೆ ಈ ಉಪಾಯ ಹೊಳೆಯುತ್ತದೆ, ಹೇಳಿ?

ಇದನ್ನೆಲ್ಲ ಬಿಟ್ಟು ಬರೆದವನ ಬೆನ್ನು ಹತ್ತುವ ಚಾಳಿ ಆಗಲೇ ಹುಟ್ಟಿತ್ತು. ‘ಎರಿಕ್ ಮರಿಯಾ ರೆಮಾರ್ಕ್ ನಿಜಕ್ಕೂ ಬದುಕಿದ್ದರೇ?’ ಎಂಬ ಹೆಸರಿನಲ್ಲೇ 1929ರಲ್ಲಿ ಒಂದು ಅಣಕದ ಪುಸ್ತಕ ಬಂತು. ಬಲಪಂಥೀಯರಿಗೆ ರೆಮಾರ್ಕ್ ಅವರ ಕಾದಂಬರಿ ಸೈನಿಕರಿಗೆ ಮಾಡಿದ ಅವಮಾನ, ಎಡಪಂಥೀಯರಿಗೆ ಯುದ್ಧಕ್ಕೆ ಯಾರು ಹೊಣೆ ಎಂದು ಹೇಳದ ಪುಕ್ಕಲುತನ. 1933ರ ಮೇ 10ರಂದು ಬರ್ಲಿನ್ನಿನಲ್ಲಿ ನಾಜಿಗಳು ಈ ಪುಸ್ತಕವನ್ನು ಬೆಂಕಿಗೆ ಹಾಕುವಾಗ ಕೂಗಿದ ಆರೋಪವೂ ‘ಮಹಾಯುದ್ಧದ ಸೈನಿಕರಿಗೆ ಬಗೆದ ದ್ರೋಹ’ ಎಂದೇ. ನೀವು ಓದಿದ ವಿಮರ್ಶಕರನ್ನು ಆ ಗುಂಪಿನೊಂದಿಗೆ ಸೇರಿಸುತ್ತಿಲ್ಲ, ಅದು ಅನ್ಯಾಯವಾದೀತು. ನನ್ನ ಸಂಕಟ ಬೇರೆ. ಇಂದಿನ ಪುಸ್ತಕ ವಿಮರ್ಶೆಗಳಲ್ಲಿ ಅರ್ಧ ಲೇಖಕನ ಜೀವನ ವಿವರ, ಕಾಲು ಬೆನ್ನುಡಿಯ ನಕಲು. ಒಂದು ವಾಕ್ಯವನ್ನು ಎತ್ತಿಕೊಂಡು ಅದು ಹೇಗೆ ಕೆಲಸ ಮಾಡುತ್ತದೆ ಎಂದು ತೋರಿಸುವವರು ಎಲ್ಲಿದ್ದಾರೆ? ‘ಸತ್ಯಕತೆ’ ಎಂಬ ಚೀಟಿ ಅಂಟಿಸಿ ಮಾರುವ ಪ್ರಕಾಶಕರೂ, ಆ ಚೀಟಿಯನ್ನು ಕಿತ್ತು ಪುಸ್ತಕವೇ ಸುಳ್ಳು ಎನ್ನುವ ವಿಮರ್ಶಕರೂ ಒಂದೇ ಕೆಲಸ ಮಾಡುತ್ತಿದ್ದಾರೆ: ಓದುವ ಶ್ರಮದಿಂದ ಜನರನ್ನು ಪಾರುಮಾಡುತ್ತಿದ್ದಾರೆ.

ನಿಮ್ಮ ಮೇಲೂ ನನಗೊಂದು ಸಣ್ಣ ಕೋಪವಿದೆ. ನಿಮ್ಮ ಕಣ್ಣೀರಿಗಿಂತ ಇನ್ನೊಬ್ಬರ ಒಂದು ಪ್ಯಾರಾ ನಿಮಗೆ ಹೆಚ್ಚಾಯಿತೇ? ಪುಸ್ತಕವನ್ನು ಹೊರಗೆ ತೆಗೆಯಿರಿ, ಪೆನ್ಸಿಲ್ ಹಿಡಿಯಿರಿ, ಕಾಟ್ ಸಾಯುವ ಪುಟ ತೆರೆಯಿರಿ. ಮೊಣಕಾಲ ಕೆಳಗಿನ ಮೂಳೆ ಮುರಿದ ಗೆಳೆಯನನ್ನು ಪೌಲ್ ಬೆನ್ನಮೇಲೆ ಹೊತ್ತು ತರುತ್ತಾನೆ. ದಾರಿಯಲ್ಲಿ ಕಾಟ್‌ನ ತಲೆಗೆ ತಾಗಿದ ಒಂದು ಸಣ್ಣ ಚೂರು ಪೌಲ್‌ನ ಗಮನಕ್ಕೆ ಬಂದಿಲ್ಲ. ಇಷ್ಟು ದೂರ ಹೊರಬೇಕಿರಲಿಲ್ಲ ಎನ್ನುತ್ತಾನೆ ಆಸ್ಪತ್ರೆಯ ಸಹಾಯಕ. ನೀವಿಬ್ಬರೂ ಸಂಬಂಧಿಕರಲ್ಲ ತಾನೇ ಎಂದು ಕೇಳುತ್ತಾನೆ. ಅಲ್ಲ, ಸಂಬಂಧಿಕರಲ್ಲ ಎಂಬ ಮಾತು ಅಲ್ಲಿ ಎರಡು ಸಲ ಬರುತ್ತದೆ. ಎರಡನೆಯ ಸಲ ಅದು ಯಾರಿಗೆ ಹೇಳಿದ್ದು ಎಂದು ಅಂಚಿನಲ್ಲಿ ಗುರುತು ಮಾಡಿಕೊಳ್ಳಿ, ನಂತರ ಇನ್ನೊಂದು ಪತ್ರ ಬರೆಯಿರಿ.