ಫಿಸಿಷಿಯನ್ ಅಸಿಸ್ಟೆಂಟ್ ಸ್ವಂತ ಕ್ಲಿನಿಕ್ ತೆರೆಯಬಹುದೇ?

ಪತ್ರ: ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರಿಲ್ಲ. ನನ್ನ ತಂಗಿಯ ಮಗಳು ವೈದ್ಯರ ಕೈಕೆಳಗೆ ರೋಗಿಗಳನ್ನು ನೋಡುವ ಫಿಸಿಷಿಯನ್ ಅಸಿಸ್ಟೆಂಟ್ ಪದವಿ ಮುಗಿಸಿದ್ದಾಳೆ. ಅಮೆರಿಕದಲ್ಲಿ ಇಂಥವರು ವೈದ್ಯರ ಹಂಗಿಲ್ಲದೆ ಚಿಕಿತ್ಸೆ ಕೊಡುತ್ತಾರಂತೆ. ನಮ್ಮ ವಿಧಾನಸಭೆಯೂ ಅಂಥ ಕಾನೂನು ಮಾಡಿದರೆ ಅವಳು ಊರಲ್ಲೇ ಕ್ಲಿನಿಕ್ ತೆರೆಯಬಹುದಲ್ಲವೇ?
– ಸಿದ್ದಾಪುರ ತಾಲ್ಲೂಕಿನ ಓದುಗರು

ಸಂಪಾದಕರ ಉತ್ತರ:

ಮೊದಲು ನಿಮ್ಮ ಮನೆಯ ಹುಡುಗಿಯ ವಿಷಯ. ಈಗಿನ ಕಾನೂನಿನಲ್ಲಿ ಅವರು ಸ್ವಂತ ಕ್ಲಿನಿಕ್ ತೆರೆಯುವಂತಿಲ್ಲ. ಆರೋಗ್ಯ ಸಹಾಯಕ ವೃತ್ತಿಗಳಿಗಾಗಿ ಸಂಸತ್ತು 2021ರಲ್ಲಿ ಮಾಡಿದ ಕಾಯ್ದೆಯ ಪಟ್ಟಿಯಲ್ಲಿ ಅವರ ವೃತ್ತಿ ಇದೆ, ನೋಂದಣಿಗೂ ದಾರಿಯಿದೆ. ಆದರೆ ನೋಂದಣಿ ಬೇರೆ, ಔಷಧ ಬರೆಯುವ ಅಧಿಕಾರ ಬೇರೆ. ಅವರ ಸಹಿಯ ಚೀಟಿ ನೋಡಿ ಮೆಡಿಕಲ್ ಶಾಪಿನವರು ಷೆಡ್ಯೂಲ್ ಎಚ್ ಔಷಧ (ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲದ ಔಷಧ) ಕೊಡುವಂತಿಲ್ಲ. ಪರವಾನಗಿ ಇಲ್ಲದೆ ವೈದ್ಯವೃತ್ತಿ ನಡೆಸಿದರೆ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯಡಿ 1 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ವೈದ್ಯರೊಬ್ಬರ ಹೆಸರಿನ ಬೋರ್ಡು ಹಾಕಿ, ಅವರು ಮೊದಲೇ ಸಹಿ ಮಾಡಿಟ್ಟ ಚೀಟಿಯಲ್ಲಿ ನಡೆಸಿ ಎಂದು ಹೇಳಿಕೊಡುವವರೂ ಸಿಗುತ್ತಾರೆ. ದಯವಿಟ್ಟು ಆ ಮಾತಿಗೆ ಕಿವಿಗೊಡಬೇಡಿ.

ವಿಧಾನಸಭೆ ಮಾಡಬಹುದಲ್ಲ ಎಂದಿರಿ. ಅಸ್ಸಾಂ ಮಾಡಿ ನೋಡಿದೆ. ಅಲ್ಲಿ 3 ವರ್ಷದ ಡಿಪ್ಲೊಮಾ ಪಡೆದವರಿಗೆ ಹಳ್ಳಿಗಳಲ್ಲಿ ಸೀಮಿತ ಚಿಕಿತ್ಸೆಗೆ ಅವಕಾಶ ಕೊಟ್ಟ 2004ರ ಕಾಯ್ದೆಯನ್ನು ಗುವಾಹಟಿ ಹೈಕೋರ್ಟ್ 2014ರಲ್ಲಿ ರದ್ದು ಮಾಡಿತು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನೇ ಎತ್ತಿಹಿಡಿಯಿತು. ವೈದ್ಯಕೀಯ ಶಿಕ್ಷಣದ ಮಟ್ಟ ನಿಗದಿ ಮಾಡುವುದು ಸಂಸತ್ತಿನ ಅಧಿಕಾರ ಎಂಬುದು ಕಾರಣ. ಹಾಗಾಗಿ ನಿಮ್ಮ ಮನವಿ ಹೋಗಬೇಕಾದ್ದು ಶಾಸಕರ ಬಳಿಗಲ್ಲ, ಸಂಸದರ ಬಳಿಗೆ. ಮೇಲೆ ಹೇಳಿದ 2019ರ ಕಾಯ್ದೆಯ 32ನೇ ಸೆಕ್ಷನ್ ಮಧ್ಯಮ ಹಂತದ ಆರೋಗ್ಯ ಕಾರ್ಯಕರ್ತರಿಗೆ ಸೀಮಿತ ಪರವಾನಗಿ ಕೊಡಬಹುದು ಎನ್ನುತ್ತದೆ. ಪ್ರಾಥಮಿಕ ಮತ್ತು ರೋಗತಡೆ ಚಿಕಿತ್ಸೆಯಲ್ಲಿ ಗೊತ್ತುಪಡಿಸಿದ ಔಷಧಗಳನ್ನು ಅವರೇ ಬರೆಯಬಹುದು. ಉಳಿದದ್ದಕ್ಕೆಲ್ಲ ವೈದ್ಯರ ಮೇಲ್ವಿಚಾರಣೆ ಬೇಕು. ಯಾರು ಅರ್ಹರು ಎಂಬ ನಿಯಮವನ್ನು ಆಯೋಗವೇ ರೂಪಿಸಬೇಕು.

ಅಮೆರಿಕದ ಮಾತೂ ಪೂರ್ತಿ ನಿಜವಲ್ಲ. ಅಲ್ಲಿ ಪದವಿಯ ಮೇಲೆ ಸುಮಾರು 27 ತಿಂಗಳ ಓದು, ರಾಷ್ಟ್ರಮಟ್ಟದ ಪರೀಕ್ಷೆ. ವೈದ್ಯರೊಂದಿಗಿನ ಕಡ್ಡಾಯ ಒಪ್ಪಂದವನ್ನು ನಾರ್ತ್ ಡಕೋಟಾ 2019ರಲ್ಲಿ ಸಡಿಲಿಸಿತು. ಯೂಟಾ 2021ರಲ್ಲಿ ಕೈಬಿಟ್ಟರೂ 10,000 ಗಂಟೆ ಅನುಭವ ಆಗುವವರೆಗೆ ಹಿರಿಯರ ಜೊತೆಗೇ ಕೆಲಸ ಎಂದಿತು. ವರ್ಷಕ್ಕೆ 2,000 ಗಂಟೆ ಎಂದು ಹಿಡಿದರೂ 5 ವರ್ಷ!

ಇಷ್ಟು ಎಚ್ಚರ ಯಾಕೆ ಎಂಬುದಕ್ಕೆ ನಿಮ್ಮ ತಾಲ್ಲೂಕಿನ ಜ್ವರವೇ ಸಾಕು. ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಡಿಸೆಂಬರ್‌ನಿಂದ ಮೇವರೆಗೆ ಕಾಡುತ್ತದೆ; ಮಳೆಗಾಲದಲ್ಲಿ ಗದ್ದೆ ತೋಟಗಳಲ್ಲಿ ಇಲಿಜ್ವರ. ಮೊದಲ ಎರಡು ಮೂರು ದಿನ ಎರಡೂ ಮಾಮೂಲಿ ಜ್ವರ, ಮೈಕೈ ನೋವಿನಂತೆಯೇ ಇರುತ್ತವೆ. ಆಗ ನೋವು ನಿವಾರಕ ಡೈಕ್ಲೋಫೆನಾಕ್‌ನ ಒಂದು ಇಂಜೆಕ್ಷನ್ ಕೊಟ್ಟರೆ ಜ್ವರ ಇಳಿಯುತ್ತದೆ, ರೋಗಿ ಖುಷಿಯಿಂದ ಮನೆಗೆ ಹೋಗುತ್ತಾನೆ. ಆದರೆ ಮಂಗನ ಕಾಯಿಲೆಯಲ್ಲಿ ಅದು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತದೆ, ಇಲಿಜ್ವರದಲ್ಲಿ ಮೊದಲೇ ಸೋತ ಮೂತ್ರಪಿಂಡಕ್ಕೆ ಮತ್ತೊಂದು ಪೆಟ್ಟು ಕೊಡುತ್ತದೆ. ಪ್ಯಾರಾಸಿಟಮಾಲ್ ಕೊಟ್ಟು, ಉಣುಗು ಕಚ್ಚಿತ್ತೇ, ಹತ್ತಿರದಲ್ಲಿ ಮಂಗ ಸತ್ತಿತ್ತೇ, ಕಣ್ಣು ಕೆಂಪಾಗಿದೆಯೇ, ಮೀನಖಂಡ ಒತ್ತಿದರೆ ನೋವೇ, ಮೂತ್ರ ಕಡಿಮೆಯಾಗಿದೆಯೇ ಎಂದು ಕೇಳಿ, ಬಿ.ಪಿ. ನೋಡಿ, ರಕ್ತದ ಮಾದರಿ ಕಳಿಸಬೇಕು. ಇಷ್ಟನ್ನು ತರಬೇತಿ ಪಡೆದ ಫಿಸಿಷಿಯನ್ ಅಸಿಸ್ಟೆಂಟ್ ಚೆನ್ನಾಗಿಯೇ ಮಾಡಬಲ್ಲರು. ವಸಡಿನಲ್ಲಿ ರಕ್ತ, ಮಂಪರು, ಮೇಲಿನ ಬಿ.ಪಿ. 90ಕ್ಕಿಂತ ಕೆಳಗೆ – ಇವುಗಳಲ್ಲಿ ಒಂದು ಕಂಡರೂ ಫೋನಿನಲ್ಲಿ ವೈದ್ಯರು ಸಿಗಬೇಕು, ಬಾಗಿಲಲ್ಲಿ ಆಂಬುಲೆನ್ಸ್ ಇರಬೇಕು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ದೊಡ್ಡ ಆಸ್ಪತ್ರೆ ಎಂದರೆ ಮಣಿಪಾಲ, ಹುಬ್ಬಳ್ಳಿ, ಗೋವಾ ಎನ್ನುವ ಸ್ಥಿತಿಯಿರುವಾಗ ಘಟ್ಟದ ದಾರಿಯಲ್ಲಿ ಕಳೆದುಹೋದ ಒಂದು ಗಂಟೆ ಮತ್ತೆ ಸಿಗುವುದಿಲ್ಲ.

ಆದ್ದರಿಂದ ನಾವು ಕೇಳಬೇಕಾದ್ದು ವೈದ್ಯರಿಲ್ಲದ ಸ್ವಾತಂತ್ರ್ಯವನ್ನಲ್ಲ, ದೂರದಿಂದಲಾದರೂ ನಿಜವಾಗಿ ನಡೆಯುವ ಮೇಲ್ವಿಚಾರಣೆಯನ್ನು. ಇದಕ್ಕೆ ಹೊಸ ಕಾನೂನು ಬರುವವರೆಗೆ ಕಾಯಬೇಕಿಲ್ಲ. ರೋಗಿಯ ಪಕ್ಕ ಆರೋಗ್ಯ ಕಾರ್ಯಕರ್ತರು, ಪರದೆಯಲ್ಲಿ ವೈದ್ಯರು ಎಂಬ ವ್ಯವಸ್ಥೆಗೆ 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯಲ್ಲೇ ಜಾಗವಿದೆ. ಚೀಟಿಯೂ ಹೊಣೆಯೂ ವೈದ್ಯರದ್ದು. ಸರ್ಕಾರದ ದೂರವೈದ್ಯ ಸೇವೆ ಇ-ಸಂಜೀವಿನಿಯಲ್ಲೂ ಹೀಗೆ ನಡೆಯುತ್ತದೆ.

ನಿಮ್ಮ ತಂಗಿಯ ಮಗಳು ಸದ್ಯ ನೋಂದಣಿ ಮಾಡಿಸಿಕೊಂಡು, ವೈದ್ಯರಿರುವ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಲಿ. ನೇಮಕಾತಿ ಪತ್ರದಲ್ಲಿ ಮೂರು ವಿಷಯ ಬರೆಸಿಕೊಳ್ಳಲಿ: ಮೇಲ್ವಿಚಾರಕ ವೈದ್ಯರ ಹೆಸರು, ತಾವು ಮಾಡಬಹುದಾದ ಕೆಲಸಗಳ ಪಟ್ಟಿ, ರಾತ್ರಿ ಪಾಳಿಯಲ್ಲಿ ಕರೆದರೆ ಯಾರು ಬರುತ್ತಾರೆ ಎಂಬುದು. ಬರೆದುಕೊಡಲು ಒಪ್ಪದ ಕಡೆ ಸೇರುವುದು ಬೇಡ.