ಪುಟ್ಟಣ್ಣ ಕಣಗಾಲ್ ಗಲ್ಲಾಪೆಟ್ಟಿಗೆಯ ನಿರ್ದೇಶಕರೋ, ಕಲಾವಿದರೋ?

ಹೊಸ ಅಲೆಯ ಚಿತ್ರಗಳ, ಅಂದರೆ ಗಲ್ಲಾಪೆಟ್ಟಿಗೆಯ ಹಂಗಿಲ್ಲದ ಕಲಾತ್ಮಕ ಚಿತ್ರಗಳ, ಎದುರಿಗಿಟ್ಟು ನೋಡಿದ್ದರಿಂದಲೇ ಪುಟ್ಟಣ್ಣನವರು ಕೇವಲ ಜನಪ್ರಿಯ ನಿರ್ದೇಶಕರೆಂಬ ಮಾತು ಹುಟ್ಟಿತು. ಆ ತೀರ್ಪನ್ನು ಈಗ ತಿದ್ದಿಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿದ ‘ಶರಪಂಜರ’ವನ್ನು (1971) ಗಮನಿಸಿ. ಮಾನಸಿಕ ಚಿಕಿತ್ಸೆ ಮುಗಿಸಿ ಮನೆಗೆ ಮರಳಿದ ಕಾವೇರಿ ನಕ್ಕರೂ ಸಿಟ್ಟಾದರೂ ಸುತ್ತಲಿನವರು ಅದರಲ್ಲಿ ಹಳೆಯ ಕಾಯಿಲೆಯನ್ನೇ ಹುಡುಕುತ್ತಾರೆ. ಕಲ್ಪನಾ ಅವರ ಮುಖದ ಮೇಲೆ ಆ ಅನುಮಾನದ ಭಾರ ಕೂಡುತ್ತ ಹೋಗುವುದನ್ನು ಕ್ಯಾಮೆರಾ ಬಿಡದೆ ಹಿಂಬಾಲಿಸುವುದರಿಂದ, ರೋಗಕ್ಕಿಂತ ಮನೆಯವರ ನೋಟವೇ ಅವಳನ್ನು ಮತ್ತೆ ಕುಸಿಯುವಂತೆ ಮಾಡಿತೆಂಬುದು ಯಾರೂ ಬಿಡಿಸಿ ಹೇಳದೆಯೇ ನಮಗೆ ತಿಳಿಯುತ್ತದೆ. ಇದು ಕಲೆಯಲ್ಲದೆ ಮತ್ತೇನು?

ಗದಗಿನ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯಂಥ ಕಂಪನಿಗಳ ನೆನಪುಳ್ಳ ನಮ್ಮ ಹುಬ್ಬಳ್ಳಿ-ಧಾರವಾಡ ಭಾಗದವರಿಗೆ ‘ರಂಗನಾಯಕಿ’ (1981) ಇನ್ನೂ ಹತ್ತಿರದ್ದು. ಬಣ್ಣ ಹಚ್ಚುವ ಹೆಣ್ಣಿಗೆ ಚಪ್ಪಾಳೆ ತಟ್ಟುವ ಸಮಾಜವೇ ಅವಳಿಗೆ ಸಂಸಾರದ ಮರ್ಯಾದೆಯನ್ನು ನಿರಾಕರಿಸುವ ಬಗೆಯನ್ನು, ವೃತ್ತಿ ರಂಗಭೂಮಿಯ ಮೇಲಿನ ಪ್ರೀತಿ ಕಡಿಮೆಯಾಗದಂತೆ, ಅದು ತೋರಿಸುತ್ತದೆ.

ಭಾವಾತಿರೇಕ ಅವರ ನಿಜವಾದ ದೌರ್ಬಲ್ಯ. ‘ನಾಗರಹಾವು’ (1972) ಅಪಾರ ಯಶಸ್ಸು ಕಂಡರೂ ಮೂಲ ಲೇಖಕರಾದ ತ.ರಾ.ಸು. ಅವರಿಗೆ ಅದು ಒಪ್ಪಿಗೆಯಾಗಲಿಲ್ಲ. ಆದರೂ ಕಾದಂಬರಿ ಓದದವರನ್ನೂ ಚಿತ್ರಮಂದಿರಕ್ಕೆ ಕರೆತಂದು, ಹೆಣ್ಣಿನ ಒಳಮನಸ್ಸಿನ ಕತೆಯನ್ನು ಕೊನೆಯವರೆಗೂ ಕೂತು ನೋಡುವಂತೆ ಮಾಡಿದ ನಿರ್ದೇಶಕರು ಕನ್ನಡದಲ್ಲಿ ಅವರಷ್ಟು ಮತ್ತೊಬ್ಬರಿಲ್ಲ.