ಬಿಹೇವಿಯರ್ ಥೆರಪಿ ಕೊಡಿಸಿದರೆ ಮಗು ಕಚ್ಚುವುದು, ಎಸೆಯುವುದು ಕಡಿಮೆಯಾಗುತ್ತಾ?

ನಿಮ್ಮ ಮಗಳಿಗೆ 5 ವರ್ಷ, ಆಟಿಸಂ ಇದೆ, ಮಾತು ಇನ್ನೂ ಬಂದಿಲ್ಲ, ಊಟಕ್ಕೆ ಕೂರಿಸಿದರೆ ತಟ್ಟೆ ಎಸೆದು ಕೈ ಕಚ್ಚಿಕೊಳ್ಳುತ್ತಾಳೆ, ಬಿಹೇವಿಯರ್ ಥೆರಪಿಗೆ (ನಡವಳಿಕೆಯ ಕಾರಣ ಹುಡುಕಿ ಬೇರೆ ದಾರಿ ಕಲಿಸುವ ಚಿಕಿತ್ಸೆ) ಹಾಕುವ ದುಡ್ಡು ದಂಡವಾ ಅಂತ ಕೇಳಿದ್ದೀರಿ. ನಾನು ಸ್ಪೆಷಲ್ ಎಜುಕೇಟರ್, ಇಂಥ ಮಕ್ಕಳ ಜೊತೆಯೇ ನನ್ನ ಕೆಲಸ. ದಂಡ ಅಲ್ಲ. ಆದರೆ ಕಚ್ಚುವುದನ್ನು ನಿಲ್ಲಿಸುವುದಷ್ಟೇ ಗುರಿ ಆಗಬಾರದು, ಅದರ ಜಾಗಕ್ಕೆ ಬೇರೆ ಏನಾದರೂ ಕಲಿಸಲೇಬೇಕು.

ಮೊದಲು ಮಕ್ಕಳ ಡಾಕ್ಟರ್ ಹತ್ತಿರ ಹೋಗಿ. ಕಿವಿ ನೋವು, ಹುಳುಕು ಹಲ್ಲು, ಮಲಬದ್ಧತೆ ಏನೇ ಇದ್ದರೂ ಮಾತಿಲ್ಲದ ಮಗು ಹೀಗೇ ತಾನೇ ತೋರಿಸಬೇಕು?

ಅದೇನೂ ಇಲ್ಲ ಅಂತಾದರೆ ಒಂದೆರಡು ವಾರ ಬರೆದಿಡಿ: ಎಸೆಯುವ ಮುಂಚೆ ಏನಾಯಿತು, ಎಸೆದ ಮೇಲೆ ನೀವೇನು ಮಾಡಿದಿರಿ. ಸಾಮಾನ್ಯವಾಗಿ ಏನೋ ಬೇಕು, ಏನೋ ಬೇಡ, ಯಾರಾದರೂ ತನ್ನ ಕಡೆ ನೋಡಬೇಕು, ಇಲ್ಲವೇ ಮೈಗೆ ಆ ಅನುಭವವೇ ಬೇಕು, ಇವುಗಳಲ್ಲಿ ಒಂದು ಸಿಗುತ್ತದೆ. ತಟ್ಟೆ ಎಸೆದ ಕೂಡಲೇ ಎಬ್ಬಿಸಿಬಿಡುತ್ತೇವೆ ಅಂತ ನೀವೇ ಬರೆದಿದ್ದೀರಿ. ಅಂದರೆ ಎಸೆದರೆ ಊಟ ಮುಗಿಯುತ್ತದೆ ಅಂತ ಅವಳು ಕಲಿತಿರಬಹುದು. ಇದು ಹಠ ಅಲ್ಲ, ಅವಳ ಹತ್ತಿರ ಇರುವ ದಾರಿ ಅದೊಂದೇ.

ಹಾಗಾಗಿ 'ಸಾಕು' ಅನ್ನುವ ಚಿತ್ರದ ಕಾರ್ಡ್ ತಟ್ಟೆ ಪಕ್ಕ ಇಡಿ. ಅವಳು ಮುಖ ತಿರುಗಿಸಿದಾಗಲೇ, ಅಂದರೆ ಎಸೆಯುವ ಮುಂಚೆಯೇ, ಕಾರ್ಡ್ ಕೊಡಲು ಮೆಲ್ಲಗೆ ಸಹಾಯ ಮಾಡಿ, "ಸಾಕಾ ಪುಟ್ಟಿ? ಸರಿ" ಅಂತ ತಕ್ಷಣ ಎಬ್ಬಿಸಿ. ಆ 'ತಕ್ಷಣ' ತುಂಬಾ ಮುಖ್ಯ. ಎಸೆಯುವುದಕ್ಕಿಂತ ಕಾರ್ಡೇ ಸುಲಭ ಅಂತ ಅವಳಿಗೆ ಅನಿಸಬೇಕು. ಅದು ಗಟ್ಟಿಯಾದ ಮೇಲೆ "ಇನ್ನೊಂದು ತುತ್ತು, ಆಮೇಲೆ ಸಾಕು" ಅಂತ ನಿಧಾನಕ್ಕೆ ಮುಂದುವರಿಸಿ. 1985ರಲ್ಲಿ ಅಮೆರಿಕದ ಸಂಶೋಧಕರಾದ ಕಾರ್ ಮತ್ತು ಡುರಾಂಡ್ ಇದನ್ನೇ ತೋರಿಸಿದರು: ಕಲಿಸಿದ ಮಾತು ಮಗುವಿನ ನಿಜವಾದ ಕಾರಣಕ್ಕೆ ಹೊಂದಿದಾಗ ಗಲಾಟೆ ಇಳಿಯಿತು, ಹೊಂದದಿದ್ದಾಗ ಇಳಿಯಲಿಲ್ಲ.

ಎಸೆಯುವ ಹಳೆಯ ದಾರಿ ನಡೆಯದಿದ್ದಾಗ ಕೆಲವು ದಿನ ಕಿರುಚಾಟ ಇನ್ನೂ ಜಾಸ್ತಿಯಾಗಬಹುದು. ಎಷ್ಟೋ ಮನೆಗಳಲ್ಲಿ ಕೈಬಿಡುವುದು ಆಗಲೇ. ಅಜ್ಜಿ, ತಾತ, ಎಲ್ಲರೂ ಒಂದೇ ರೀತಿ ನಡೆದುಕೊಳ್ಳಬೇಕು. ಕಚ್ಚಿ ಗಾಯವಾಗುತ್ತಿದ್ದರೆ ಮಾತ್ರ ನೀವೇ ಪ್ರಯೋಗ ಮಾಡಬೇಡಿ, ಥೆರಪಿಸ್ಟ್ ಜೊತೆಗಿರಲಿ.

ಸೆಂಟರ್ ಆರಿಸುವಾಗ ನೇರವಾಗಿ ಕೇಳಿ: ಹೊಡೆಯುತ್ತೀರಾ, ಗದರಿಸುತ್ತೀರಾ, ಒಳಗೆ ಕೂತು ನೋಡಲು ಬಿಡುತ್ತೀರಾ? 1960ರ ದಶಕದಲ್ಲಿ ಅಮೆರಿಕದಲ್ಲಿ ಈ ಥೆರಪಿಯ ಹೆಸರಲ್ಲೇ ಮಕ್ಕಳಿಗೆ ಏಟು, ಕರೆಂಟ್ ಶಾಕ್ ಕೊಟ್ಟಿದ್ದರು, ಆಟಿಸಂ ಇರುವ ದೊಡ್ಡವರು ಇವತ್ತಿಗೂ ಇದನ್ನು ಅನುಮಾನದಿಂದ ನೋಡುವುದಕ್ಕೆ ಕಾರಣವಿದೆ. ರೆಕ್ಕೆಯಂತೆ ಕೈ ಬಡಿಯುವುದು, ತೂಗಾಡುವುದು ಯಾರಿಗೂ ನೋವು ಮಾಡುವುದಿಲ್ಲ. ಅದನ್ನೂ ನಿಲ್ಲಿಸುತ್ತೇವೆ ಅನ್ನುವ ಕಡೆ ನಾನಂತೂ ಮಗುವನ್ನು ಕಳಿಸುವುದಿಲ್ಲ.

ಬೆಂಗಳೂರಿನ ನಿಮ್ಹಾನ್ಸ್ ಅಥವಾ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಒಮ್ಮೆ ತೋರಿಸಿ. ಅಂಗವೈಕಲ್ಯ ಪ್ರಮಾಣಪತ್ರ ಮಾಡಿಸಿದರೆ ಕೇಂದ್ರ ಸರ್ಕಾರದ ನಿರಾಮಯ ಆರೋಗ್ಯ ವಿಮೆಗೆ ಅರ್ಜಿ ಹಾಕಬಹುದು, ಥೆರಪಿ ಖರ್ಚಿನಲ್ಲಿ ಒಂದು ಪಾಲು ಅದರಲ್ಲಿ ವಾಪಸ್ ಸಿಗುತ್ತದೆ.